ಎಂಟು ಗಂಟೆಯ ಕ್ಷಮಾಪಣೆ

ನಮ್ಮ ರೇಡಿಯೋದ ಬೆಳಗಿನ ಎಂಟರ ಕಾರ್ಯಕ್ರಮದಲ್ಲಿ ನಿರೂಪಕ ಆಸ್ಪತ್ರೆಯವನಂತೆ ನಟಿಸಿ ಒಬ್ಬ ಹೆಂಗಸಿಗೆ ಫೋನು ಮಾಡಿದ. "ನಿಮ್ಮ ಯಜಮಾನ್ರ ಹೆಣ ಇಲ್ಲಿದೆ, ಬಂದು ತಗೊಂಡು ಹೋಗಿ" ಎಂದ. ಆಕೆ ಎದೆ ಬಡಿದುಕೊಂಡು ಅತ್ತಳು. ಇವನು ಗಹಗಹಿಸಿ ನಕ್ಕು, "ಬಕ್ರಾ ಆದ್ರಿ ಆಂಟೀ!" ಎಂದ. ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದ ನಾನು ಹೆಡ್‌ಫೋನ್ ಕಿತ್ತಿಟ್ಟೆ.

ದೂರು ಹೋಯಿತು. ಅದೇ ಎಂಟರ ಹೊತ್ತಿಗೆ, ಅದೇ ಬಾಯಿಂದ ಕ್ಷಮೆ ಕೇಳಿಸಬೇಕೆಂದು ಸರ್ಕಾರದ ಆದೇಶ ಬಂತು.

ಅಂದು ಮಧ್ಯಾಹ್ನವೇ ಆ ಕಾರ್ಯಕ್ರಮಕ್ಕೆ ಜಾಹೀರಾತು ಕೊಡುವ ಊದುಬತ್ತಿ ಕಂಪನಿಯ ಮಾಲೀಕರು ಕಚೇರಿಗೆ ನುಗ್ಗಿದರು. ನಮ್ಮ ಮ್ಯಾನೇಜರ್ ಎದ್ದು ನಿಂತರು.

"ಏನ್ರೀ ಇದು ಅಸಹ್ಯ? ದೇವರ ಮುಂದೆ ಹಚ್ಚೋ ವಸ್ತು ನಮ್ದು. ಇಂಥ ಹೊಲಸಿನ ಜೊತೆ ನಮ್ಮ ಹೆಸರು ಬರಬಾರದು."

"ತಪ್ಪಾಯ್ತು ಸಾರ್."

"ಅದನ್ನ ಕೇಳಿ ನನ್ನ ಹೆಂಡತಿ ಊಟಾನೇ ಮಾಡ್ಲಿಲ್ಲ ಕಣ್ರೀ!"

ಸದ್ಯ, ಮನುಷ್ಯನೆನ್ನುವವನು ಒಬ್ಬನಾದರೂ ಸಿಕ್ಕಿದನಲ್ಲ ಎಂದುಕೊಂಡೆ.

"ಕ್ಷಮೆ ಯಾವಾಗ ಕೇಳಿಸ್ತೀರಿ?"

"ನಾಳೆ ಬೆಳಿಗ್ಗೆ ಎಂಟಕ್ಕೆ ಸಾರ್. ಅವನು ಏನಂತಾನೋ ಅಂತ ಊರಿಗೆ ಊರೇ ಕಾಯ್ತಾ ಇದೆ."

ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು. ಬಾಗಿಲು ಹಾಕಿಕೊಂಡು ಹೋಗುವಂತೆ ಮ್ಯಾನೇಜರ್ ನನಗೆ ಕೈಸನ್ನೆ ಮಾಡಿದರು.

ಮರುದಿನ ಎಂಟಕ್ಕೆ ಸರಿಯಾಗಿ ರೇಡಿಯೋದಲ್ಲಿ ದೇವಸ್ಥಾನದ ಗಂಟೆ ಮೊಳಗಿತು. ಹಿಂದೆಯೇ ಅದೇ ನಿರೂಪಕನ ದನಿ ಬಂತು: "ಈ ಕ್ಷಮಾಪಣೆಯ ಪ್ರಾಯೋಜಕರು, ದೇವರೂ ಮೆಚ್ಚುವ ಪರಿಮಳದ ಊದುಬತ್ತಿ!"