ಅಂಗೈಯ ಮೇಲಿನ ಲಿಂಗ

"ಕಾಕಾ, ಕೊರಳಾಗಿನ ಬೆಳ್ಳಿ ತಗೀರಿ. ಈ ಮಶೀನ್ದಾಗ ಅಯಸ್ಕಾಂತ ಅದ, ಹತ್ರ ಬೆಳ್ಳಿ-ಬಂಗಾರ ಏನೂ ಇರಬಾರ್ದು," ಎಂದಳು ಸೊಲ್ಲಾಪುರದ ಕಡೆಯ ಡಾಕ್ಟರ್ ಸ್ನೇಹಲ್. ಬಿಬವೇವಾಡಿಯ ಕಿರಾಣಿ ವ್ಯಾಪಾರಿ ಕಾಡಪ್ಪನ ಬಲಗೈ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅದರೊಳಗೆ ಇಷ್ಟಲಿಂಗವಿತ್ತು. ದೀಕ್ಷೆಯಾದಂದಿನಿಂದ ಅದು ಅವನ ಮೈ ಬಿಟ್ಟು ಇದ್ದದ್ದೇ ಇಲ್ಲ.

"ಹಂಗಾದ್ರ ನನಗ ಈ ತಪಾಸಣಿನ ಬ್ಯಾಡ್ರಿ," ಎಂದು ಎದ್ದೇಬಿಟ್ಟ. ಪಾರ್ಶ್ವವಾಯು ಹೊಡೆದಾಗಿನಿಂದ ಅವನ ಎಡಗೈ ಜೋತುಬಿದ್ದಿತ್ತು. ಪೂಜೆಯ ಹೊತ್ತಿಗೆ ಹೆಂಡತಿ ಕಲ್ಲವ್ವ ಆ ಕೈಯನ್ನು ಕೆಳಗಿನಿಂದ ಎತ್ತಿ ಹಿಡಿದರಷ್ಟೇ ಅಂಗೈಯಲ್ಲಿ ಲಿಂಗ ನಿಲ್ಲುತ್ತಿತ್ತು. ಈಗ ಅವಳೇ ಗದರಿದಳು: "ಬೆಳ್ಳಿ ಬ್ಯಾಡ ಅಂದಾರ, ಲಿಂಗ ಬ್ಯಾಡ ಅಂದಿಲ್ಲಲ್ಲ? ಕೈಯಾಗ ಹಿಡ್ಕೊಂಡು ಕೂಡ್ರಿ." ಕಾಡಪ್ಪ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡ. ಅವಳು ಬರಿದಾದ ಕರಡಿಗೆಯನ್ನು ದೂರವಿಟ್ಟು ಬಂದು, ರೂಢಿಯಂತೆ ಅವನ ಕೈಯಡಿಗೆ ತನ್ನ ಕೈ ಒಡ್ಡಿ ಕುಳಿತಳು.

ಸ್ನೇಹಲ್ ದೊಡ್ಡ ಬಳೆಯಂಥ ಸಾಧನವನ್ನು ಅವನ ತೋಳಿಗೆ ಒತ್ತಿ ಹಿಡಿದಳು. ಚಟ್ ಎಂದು ಸದ್ದಾಯಿತು. ಸತ್ತಂತಿದ್ದ ಬೆರಳುಗಳು ಒಮ್ಮೆಲೇ ಮಡಚಿ ಲಿಂಗವನ್ನು ಅವುಚಿಕೊಂಡವು, ಮರುಕ್ಷಣ ಸಡಿಲಾದವು.

"ನೋಡ್ರಿ ಕಾಕಾ, ಕೈಯಾಗಿನ ನರಕ್ಕ ಇನ್ನೂ ಜೀವ ಅದ," ಎಂದಳು ಸ್ನೇಹಲ್.

ಕಾಡಪ್ಪ ಅಂಗೈಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಮ್ಮೆ ಮಾಡ್ರಿ," ಎಂದ. ಆಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ:

"ಈ ಸಲ ನೀ ಕೈ ತಗಿ."