ಅಪ್ಪನ ಮಾತ್ರೆ ಹೆಚ್ಚವೆ

ಕೆಂಪರಾಜುವಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು... ಅದರಲ್ಲೂ ಮುಂದಾಲೋಚನೆ ಇಲ್ಲದ ಜನರನ್ನು ಕಂಡರೆ ಮೈಯೆಲ್ಲ ಉರಿ.

ಮಂಡ್ಯದಲ್ಲಿ ಅವನದು ಇನ್ವರ್ಟರ್ ಅಂಗಡಿ. "ಕರೆಂಟ್ ಹೋದ್ಮೇಲೆ ಬಾಯ್ ಬಾಯ್ ಬಡ್ಕೊಂಡ್ರೆ ಏನ್ ಬಂತು? ಮೊದ್ಲೇ ರೆಡಿ ಇರ್ಬೇಕು ಕಣ್ರೀ!" ಎಂದು ಗಿರಾಕಿಗಳನ್ನು ಬೈದೇ ವ್ಯಾಪಾರ ಮಾಡುತ್ತಿದ್ದ.

ಹೆಂಡತಿ ಪ್ರಮೀಳ ತಂಗಿಯ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದಳು. ಮನೆಯಲ್ಲಿ ಅವನು, ಅವ್ವ ಹೊಂಬಾಳಮ್ಮ, ಅಪ್ಪ ತಿಮ್ಮೇಗೌಡರು. ಮೂರೇ ಜನ.

ಜೋರು ಮಳೆ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದ್ದೇ ತಡ, ಕೆಂಪರಾಜು ಎದ್ದು ನಿಂತ.

"ಅವ್ವಾ, ಅಂಡರ್‌ಪಾಸ್‌ಗೆ ನೀರ್ ತುಂಬ್ಕೊಂಡ್ರೆ ನಮ್ ಬಡಾವಣೆಯಿಂದ ಊರೊಳಕ್ಕೆ ಬೇರೆ ದಾರಿನೇ ಇಲ್ಲ. ಮನೇಲಿ ಏನೈತೆ, ಏನಿಲ್ಲ, ಬಿರ್‍ರನೆ ಹೇಳು!"

ಹೊಂಬಾಳಮ್ಮ ಒಲೆಯ ಮುಂದಿನಿಂದಲೇ ಕೂಗಿದರು. "ರಾಗಿಹಿಟ್ಟೈತೆ, ಅಕ್ಕಿ ಐತೆ. ಉಪ್ಪು ಹೆಚ್ಚೈತೆ. ನಿಮ್ಮಪ್ಪನ ಮಾತ್ರೆನೂ ಹೆಚ್ಚವೆ ಕಣಪ್ಪಾ..."

ಹೆಚ್ಚಿದೆ! ಸರಿ, ಇನ್ನೇನು ಬೇಕು? ಮುಂದಿನ ಮಾತು ಕೇಳುವಷ್ಟರಲ್ಲಿ ಬೈಕ್ ಗೇಟು ದಾಟಿತ್ತು.

ಮೂರು ಟಾರ್ಚು, ಒಂದು ಕಟ್ಟು ಮೇಣದಬತ್ತಿ, ನೂಡಲ್ಸು, ನಾಲ್ಕು ಕ್ಯಾನು ನೀರು ತಂದ. ಎಲ್ಲವನ್ನೂ ಜೋಡಿಸಿ ಫೋಟೋ ತೆಗೆದು ಬಡಾವಣೆಯ ಗ್ರೂಪಿಗೆ ಹಾಕಿದ. "ನಮ್ಮ ಮನೆ ರೆಡಿ. ನಿಮ್ಮದು?"

ಮಳೆ ಎರಡು ದಿನ ಬಿಡದೆ ಹೊಡೆಯಿತು... ಮೂರನೇ ದಿನ ಬೆಳಿಗ್ಗೆ ಅಂಡರ್‌ಪಾಸಿನಲ್ಲಿ ಕತ್ತಿನ ಮಟ್ಟ ನೀರು.

ತಿಂಡಿಯಾದ ಮೇಲೆ ಹೊಂಬಾಳಮ್ಮ ಬಂದು ಕೇಳಿದರು. "ತಂದಿರೋ ಮಾತ್ರೆ ಎಲ್ ಮಡ್ಗಿದ್ದೀಯಪ್ಪಾ? ಮಿಕ್ಕಿದ್ದ ನಾಕೈದ್ರಲ್ಲೇ ದೂಡ್ದೆ, ನೆನ್ನೆ ಸಂಜೆ ಕೊಟ್ಟಿದ್ದೇ ಕಡೇದು."

ಕೆಂಪರಾಜು ಧಡಕ್ಕನೆ ಎದ್ದ. ಅಪ್ಪನದು ಫಿಟ್ಸ್ ಮಾತ್ರೆ. ಎರಡು ವರ್ಷದ ಹಿಂದೆ ಎರಡೇ ದಿನ ತಪ್ಪಿದ್ದಕ್ಕೆ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡು, ಮೂರು ದಿನ ಪ್ರಜ್ಞೆ ಇರಲಿಲ್ಲ.

"ಹೆಚ್ಚವೆ ಅಂದ್ಯಲ್ಲವ್ವಾ!"

"ಊಂ, ಅಂದೆ. ಹೆಚ್ಚವೆ, ತಕಂಬಾ ಅಂದೆ!"

ನಮ್ಮ ಹಿರಿಯರು ಉಪ್ಪನ್ನೋ ಅಕ್ಕಿಯನ್ನೋ "ಮುಗಿಯಿತು" ಎನ್ನುವುದಿಲ್ಲ, "ಹೆಚ್ಚಿದೆ" ಎನ್ನುತ್ತಾರೆ. ಬಳೆ ಒಡೆದರೂ "ಹೆಚ್ಚಿತು" ಎನ್ನುತ್ತಾರೆ. ಕೆಟ್ಟ ಮಾತು ಮನೆಯೊಳಗೆ ಆಡಬಾರದೆಂದು. ಒಂದು ದಿನವೂ ಡಬ್ಬಿ ಮುಟ್ಟದ ಗಂಡಸಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು ಹೇಳಿ!

"ಮುಗಿದೋಯ್ತು ಅನ್ನೋಕೆ ಏನವ್ವಾ ದಾಡಿ ನಿಂಗೆ?"

ಹೊಂಬಾಳಮ್ಮ ಕೆಂಡವಾದರು. "ಏನ್ಲಾ ಅಂದೆ? ಕಟ್ಕೊಂಡ ಗಂಡನ ಮಾತ್ರೆ ಮುಗಿದೋಯ್ತು ಅಂತ ನನ್ ಬಾಯಲ್ಲಿ ಬರ್ಬೇಕಾ? ನಾಲ್ಗೆ ಬಿದ್ದೋದಾತು!"

ಕೆಂಪರಾಜು ಮೆಡಿಕಲ್ ಶಾಪಿಗೆ ಫೋನ್ ಮಾಡಿದ. ಶಾಪಿನವನು ಒಳ್ಳೆಯ ಮನುಷ್ಯ. "ನಿಮ್ ಕಡೆಗೆ ಹಾಲು ತರೋಕೆ ಅಂಡರ್‌ಪಾಸಲ್ಲಿ ದೋಣಿ ಬಿಟ್ಟವ್ರಲ್ಲ, ಅವ್ರ ಕೈಲಿ ಮಧ್ಯಾಹ್ನ ಕಳಿಸ್ತೀನಿ ಸಾರ್. ಮಾತ್ರೆ ಹೆಸ್ರೇನು? ಎಷ್ಟು ಎಂಜಿ?"

"ಬಿಳೀದು ಕಣ್ರೀ... ದುಂಡಗೈತೆ..."

"ಸಾರ್, ಅಂಗಡೀಲಿರೋದೆಲ್ಲ ಬಿಳೀದೇ, ದುಂಡಗೇ! ಫಿಟ್ಸ್ ಮಾತ್ರೆ ಅಂದಾಜಿಗೆ ಕೊಡಕ್ಕಾಗಲ್ಲ. ಚೀಟಿ ಇಲ್ವಾ?"

ಚೀಟಿ ಎಲ್ಲಿದೆಯೋ ಗೊತ್ತಿಲ್ಲ. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಅವ್ವ ಕಸಕ್ಕೆ ಹಾಕಿಯಾಗಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಎಡಗೈ ಬೆರಳುಗಳನ್ನು ಹಿಚುಕಿಕೊಳ್ಳುತ್ತಿದ್ದರು. ಬೆರಳು ಜೋಮು ಹಿಡಿದರೆ ಮುಂದೆ ಏನಾಗುತ್ತದೆಂದು ಮನೆಯವರಿಗೆಲ್ಲ ಗೊತ್ತು.

ಭಯಕ್ಕೆ ಅವನಲ್ಲಿ ಇದ್ದದ್ದು ಒಂದೇ ದಾರಿ... ಕೋಪ. ಹಾಸನಕ್ಕೆ ಫೋನ್ ಹಚ್ಚಿದ.

"ಎಂಥಾ ಸಂಸಾರ ಮಾಡ್ತೀಯೇ ನೀನು? ಅಪ್ಪನ ಮಾತ್ರೆ ಖಾಲಿ! ಇಲ್ಲಿ..."

"ಬಾಯ್ ಮುಚ್ಚಿ ಮೊದ್ಲು!" ಪ್ರಮೀಳ ಹೇಳಿದಳು. "ಹೋಗಿ ಸಾಸಿವೆ ಡಬ್ಬಿ ತೆಗೀರಿ."

"ಸಾಸಿವೆ ಡಬ್ಬಿ... ಯಾವ್ದು?"

ಪ್ರಮೀಳ ಹಣೆ ಚಚ್ಚಿಕೊಂಡ ಸದ್ದು ಫೋನಿನಲ್ಲೇ ಕೇಳಿಸಿತು.

"ಹತ್ತೊಂಬತ್ತು ವರ್ಷದಿಂದ ಅದೇ ಡಬ್ಬಿ ಒಗ್ಗರಣೆ ತಿಂದಿದ್ದೀರಿ! ಅತ್ತೆ ಕೈಗೆ ಕೊಡಿ ಫೋನು."

ಹೊಂಬಾಳಮ್ಮ ಸಾಸಿವೆಯೊಳಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಒಳಗೆ ಒಂದು ವಾರದ ಮಾತ್ರೆ. ಜೊತೆಗೆ ಒಂದು ಚೀಟಿ. ಅದರಲ್ಲಿ ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ ಎಷ್ಟು ಕೊಡಬೇಕು, ಡಾಕ್ಟರ ನಂಬರು.

"ತಿಂಗಳಿಗೊಂದ್ಸಲ ಹಳೇದು ತೆಗೆದು ಹೊಸದು ಇಡ್ತೀನಿ ಅತ್ತೆ," ಎಂದಳು ಪ್ರಮೀಳ. "ಗೊತ್ತಾದ್ರೆ ಖರ್ಚಾಗೋಗ್ತದೆ ಅಂತ ನಿಮ್ಗೂ ಹೇಳಿರ್ಲಿಲ್ಲ. ಹೊರಡೋ ದಿನ ಬಸ್ ಸ್ಟ್ಯಾಂಡಲ್ಲಿ ಇವ್ರಿಗೆ ಹೇಳೋಕ್ ಹೋದೆ. 'ರೆಡಿ ಇರೋದು ಹೆಂಗೆ ಅಂತ ನಂಗೇ ಹೇಳ್ಕೊಡ್ತೀಯಾ' ಅಂದ್ರು."

ಸ್ಪೀಕರಿನಲ್ಲಿ ಕೆಂಪರಾಜು ಎಲ್ಲವನ್ನೂ ಕೇಳಿಸಿಕೊಂಡ.

"ಕೇಳ್ತಾ ಇದ್ದೀರೇನ್ರೀ? ನಾಳೆ ನಾನೇ ಸತ್ತೋದ್ರೆ ಯಾರಿಗೆ ಫೋನ್ ಮಾಡಿ ಬೈತೀರಿ? ಅವ್ರು ನಿಮ್ಮಪ್ಪ ಕಣ್ರೀ... ನಮ್ಮಪ್ಪ ಅಲ್ಲ!"

ಫೋನ್ ಕಟ್ಟಾಯಿತು.

ಕೆಂಪರಾಜು ಅಪ್ಪನ ಬಾಯಿಗೆ ಮಾತ್ರೆ ಇಟ್ಟು ನೀರು ಕುಡಿಸಿದ. ಅಪ್ಪ ನುಂಗಿ, ಗಂಟಲು ಸವರಿಕೊಂಡು ಕೇಳಿದರು. "ಪ್ರಮೀಳ ಮಡ್ಗಿದ್ಲಾ?"

"ಊಂ ಅಪ್ಪಾ."

"ನಂಗೊತ್ತಿತ್ತು ಬುಡು, ನೀನಲ್ಲ ಅಂತ." ಅಪ್ಪ ಬೈಯಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಅಷ್ಟೇ... ಊರಿಗೆಲ್ಲ ಬುದ್ಧಿ ಹೇಳುವ ಗಂಡಸು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತುಬಿಟ್ಟ.

ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಪೆನ್ನು ತಂದ. "ಅವ್ವಾ, ಒಂದೊಂದೇ ಡಬ್ಬಿ ತೋರ್ಸು. ಏನೇನೈತೆ ಹೇಳು."

ಹೊಂಬಾಳಮ್ಮನ ಕೋಪ ಇನ್ನೂ ಇಳಿದಿರಲಿಲ್ಲ. "ಬರ್ಕೊ... ಚೆಂದಾಗಿ ಬರ್ಕೊ. ನಾನೂ ಇಲ್ಲಿ ಗೂಟ ಹೊಡ್ಕೊಂಡು ಕೂತಿರಲ್ಲ."

*ಇಡೀ ಮನೆಯನ್ನು ಒಬ್ಬಳ ತಲೆಗೆ ಕಟ್ಟಿ ಓಡಾಡುವವನು ಯಾವ ಆಪತ್ತಿಗೂ ಸಿದ್ಧನಲ್ಲ.*

ನಿಮ್ಮ ಅಪ್ಪ ಅಮ್ಮ ದಿನಾ ನುಂಗುವ ಮಾತ್ರೆಯ ಹೆಸರು, ಯಾರನ್ನೂ ಕೇಳದೆ, ನಿಮ್ಮ ಬಾಯಲ್ಲಿ ಬರುತ್ತದೆಯೇ?