ಆಕೀಗೆ ಕೊಡಬ್ಯಾಡ್ರಿ

ಫೋನಿನ ಆಚೆ ನಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಆ ಸದ್ದಿನ ಹಿಂದೆ ಅಡಗಿಕೊಂಡಂತೆ ಒಂದು ಹೆಣ್ಣುದನಿ ಪಿಸುಗುಟ್ಟಿತು.

“ನೀವು ಕನ್ನಡದವರಲ್ರೀ? ಅಂಗಡ್ಯಾಗ ನೀವು ಮಾತಾಡೂದು ಕೇಳೀನಿ.”

“ಹೌದು. ಯಾರು ಮಾತಾಡ್ತಿರೋದು?” ನಂದಾ ಕೇಳಿದಳು. ಅಮೆರಿಕದ ಐಸೆಲಿನ್‌ನ ಓಕ್ ಟ್ರೀ ರೋಡಿನ ಪಕ್ಕದ ಬೀದಿಯಲ್ಲಿ ಅವಳದೂ ಗಂಡ ಜಯರಾಮುವಿನದೂ ಲಿಕ್ಕರ್ ಸ್ಟೋರ್. ಶನಿವಾರ ಮಧ್ಯಾಹ್ನದ ಗಿರಾಕಿಗಳು ಸಾಲುಗಟ್ಟಿದ್ದರು.

“ಹೆಸರು ಬ್ಯಾಡ್ರಿ. ಇವತ್ತ ಸಂಜಿಮುಂದ ಒಬ್ಬಾಕಿ ಬರ್ತಾಳ. ನೀಲಿ ಕುರ್ತಾ, ಬೂದು ಬಣ್ಣದ ವ್ಯಾನು. ವೋಡ್ಕಾ ತಗೋತಾಳ. ಗಂಡನ ಆಫೀಸ್ ಪಾರ್ಟಿಗೆ ಅಂತಾಳ. ಸುಳ್ಳು. ಹದಿನೇಳು ವರ್ಷದ ಹುಡುಗ್ರಿಗೆ ಕುಡಸ್ತಾಳ. ಆಕೀಗೆ ಕೊಡಬ್ಯಾಡ್ರಿ.”

“ಅವಳು ಹಾಕ್ಕೊಂಡಿರೋ ಬಟ್ಟೆನೂ ಗೊತ್ತಾ ನಿಮಗೆ?”

“ಎದುರಿಗೇ ಕಾಣಸ್ತಾಳ್ರೀ.”

ಪಾತ್ರೆ ತೊಳೆಯುವ ಸಿಂಕು, ಅದರ ಮೇಲೊಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆ. ನಂದಾಳ ಕಣ್ಣಿಗೆ ಕಟ್ಟಿತು. ಕೂಲ್ ಆಂಟಿ ಅನ್ನಿಸಿಕೊಳ್ಳುವ ಚಪಲಕ್ಕೆ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಪಾರ್ಟಿ ಇಡುವ ಹೆಂಗಸರ ಬಗ್ಗೆ ಅವಳು ಕೇಳಿದ್ದಳು.

“ಒಂದು ಮಾತು ಅವಳಿಗೇ ಹೇಳಬಾರದಾ?”

“ದಿನಾ ಹೇಳ್ತೀನ್ರೀ. ಹೂಂ ಅಂತಾಳ. ಹುಡುಗ್ರು ದನಿ ಏರಿಸಿದ್ರ ಸಾಕು, ಇಲ್ಲ ಅನ್ನಾಕ ಆಕೀಗೆ ಬಾಯೇ ಬರೂದಿಲ್ಲ. ಹೊರಗ ಕುಡದು ಗಾಡಿ ಓಡ್ಸೂದಕ್ಕಿಂತ ಕಣ್ಣ ಮುಂದ ಕುಡೀಲಿ ಅಂತಾಳ.”

“ಪೊಲೀಸಿಗೆ ಹೇಳಿ ಮತ್ತೆ.”

“ಆಕೀನ್ನ ಒಯ್ದ್ರಂದ್ರ… ಬ್ಯಾಡ್ರಿ. ಹೋದ ತಿಂಗಳು ನಮ್ಮ ಹುಡುಗನ ತುಟಿ ನೀಲಿಗಟ್ಟಿದ್ದವು. ಕರದ್ರ ಓ ಅನ್ನಲಿಲ್ಲ. ನಿಮ್ಮ ಅಂಗಡೀದ ಬಾಟ್ಲೀರಿ ಅದು. ಇವತ್ತ ಪ್ರಾಮ್, ಹುಡುಗ್ರ ಸಾಲೀ ಡಾನ್ಸ್ ಪಾರ್ಟಿ. ಅದು ಮುಗದ ಮ್ಯಾಲೆ ಎಲ್ಲಾ ಹುಡುಗ್ರೂ ಆಕಿ ಮನೀಗೇ ಬರ್ತಾರ. ಉಳಿದ ಅಂಗಡಿಗಳಿಗೂ ಫೋನ್ ಮಾಡಿ ಹೇಳೀನಿ. ಆಕಿ ಅಳಬಹುದು, ಜಗಳಾ ತಗೀಬಹುದು. ಏನ ಮಾಡಿದ್ರೂ ಕೊಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

ನೀರು ನಿಂತಿತು. ಮರುಕ್ಷಣವೇ ಫೋನೂ.

ನಂದಾ ಫೋನ್ ಕೆಳಗಿಟ್ಟಳು. ನಿಮ್ಮ ಅಂಗಡೀದ ಬಾಟ್ಲಿ. ಪಡ್ಡೆ ಹುಡುಗರು ವಯಸ್ಸು ತೋರಿಸಲು ತಂದ ಐಡಿಗಳನ್ನು ಅವಳು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಜಿಪ್ ಕೋಡ್ ಹೇಳು ಎಂದು ಬೆವರಿಳಿಸಿ ಕಳಿಸುತ್ತಿದ್ದಳು. “ನೀನು ನೋಡೋ ಹಾಗೆ ಇಮಿಗ್ರೇಷನ್‌ನವರೂ ನೋಡಲ್ಲ ಕಣೇ” ಎಂದು ಜಯರಾಮು ಗೇಲಿ ಮಾಡುತ್ತಿದ್ದ. ಆದರೆ ನರೆಗೂದಲಿನ ಗಿರಾಕಿಗಳು ಬಾಟಲಿ ಯಾರಿಗೆ ಒಯ್ಯುತ್ತಾರೆಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ಬೂದು ವ್ಯಾನು ಬಂದು ನಿಂತಿತು.

ನೀಲಿ ಕುರ್ತಾ. ನಂದಾ ಗುರುತು ಹಿಡಿದಳು. ಹಿಂದೆ ಎರಡು ಮೂರು ಸಲ ಬಂದಿದ್ದಾಳೆ. ಇಂಗ್ಲಿಷ್ ಬಿಟ್ಟು ಬೇರೆ ಆಡುವುದಿಲ್ಲ, ತೆಲುಗಿನವಳಿರಬೇಕು ಎಂದುಕೊಂಡಿದ್ದಳು. ವ್ಯಾನಿನ ಮುಂದಿನ ಸೀಟಿನಲ್ಲಿ ಉದ್ದನೆಯ ಹುಡುಗನೊಬ್ಬ ಫೋನ್ ನೋಡುತ್ತ ಕೂತಿದ್ದ. ಪಾಪ, ಫೋನ್ ಮಾಡಿದ ಆ ತಾಯಿಯ ಮಗ ಇವನೇ ಇರಬೇಕು. ಅವನನ್ನೇ ಜೊತೆಗೆ ಕರೆತಂದಿದ್ದಾಳಲ್ಲ, ಎಂಥ ಧೈರ್ಯ!

ಹೆಂಗಸು ದೊಡ್ಡ ವೋಡ್ಕಾ ಬಾಟಲಿ ಎರಡನ್ನು ಕೌಂಟರಿನ ಮೇಲಿಟ್ಟಳು. ಕಣ್ಣು ಊದಿಕೊಂಡಿತ್ತು.

“ಇದು ಯಾರಿಗೆ?” ನಂದಾ ಇಂಗ್ಲಿಷಿನಲ್ಲಿ ಕೇಳಿದಳು.

“ಹಸ್ಬೆಂಡ್ಸ್ ಆಫೀಸ್ ಪಾರ್ಟಿ.”

ಅದೇ ಸುಳ್ಳು. ಫೋನು ಯಾರದೋ ಹಗೆಯ ಕೆಲಸವಾಗಿದ್ದರೆ? ನಾಲ್ಕು ಜನರೆದುರು ಮರ್ಯಾದಸ್ಥೆಯನ್ನು ಅವಮಾನಿಸಿದಂತಾದರೆ? ಬಿಯರ್ ಪೆಟ್ಟಿಗೆ ಜೋಡಿಸುತ್ತಿದ್ದ ಜಯರಾಮು ಜಗಳ ಬೇಡ ಎಂಬಂತೆ ಕಣ್ಣು ಮಾಡಿದ. ನಂದಾಗೆ ನೀಲಿಗಟ್ಟಿದ ತುಟಿ ನೆನಪಾಯಿತು.

“ಸಾರಿ ಮೇಡಂ. ನಿಮಗೆ ಮಾರೋದಿಲ್ಲ. ನೀವಿದನ್ನ ಚಿಕ್ಕ ಹುಡುಗರಿಗೆ ಕೊಡ್ತೀರಿ.”

ಅಂಗಡಿಯೇ ತಿರುಗಿ ನೋಡಿತು.

“ಹೌ ಡೇರ್ ಯು!” ಹೆಂಗಸು ಕಿರುಚಿದಳು. ಗಾಜಿನಾಚೆ ವ್ಯಾನಿಗೂ ಕೇಳಿಸುವಷ್ಟು ಜೋರಾಗಿ. ನನ್ನ ವಯಸ್ಸೇನು ಗೊತ್ತೆ, ನಿನ್ನ ಲೈಸೆನ್ಸ್ ಕಳೆಯುತ್ತೇನೆ ಎಂದು ಇಂಗ್ಲಿಷಿನಲ್ಲೇ ಹಾರಾಡಿದಳು. ಕಣ್ಣಲ್ಲಿ ಬಳಬಳ ನೀರು. ಬೈಯುತ್ತ ಬೈಯುತ್ತಲೇ ಎರಡೂ ಬಾಟಲಿಗಳನ್ನು ನಂದಾಳ ಕಡೆಗೇ ತಳ್ಳಿದಳು. ಬೇಗ ಬಿಲ್ ಮಾಡು ಅನ್ನುತ್ತಿದ್ದಾಳೆ, ಸೊಕ್ಕು ನೋಡು ಎಂದುಕೊಂಡ ನಂದಾ ಅವನ್ನು ತೆಗೆದು ಹಿಂದಿನ ಶೆಲ್ಫಿಗೆ ಇಟ್ಟುಬಿಟ್ಟಳು.

“ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ,” ಎಂದು ಕನ್ನಡದಲ್ಲಿ ಗೊಣಗಿದಳು.

ಹೆಂಗಸಿನ ಬಾಯಿ ಥಟ್ಟನೆ ಮುಚ್ಚಿತು. ಹೊಡೆತ ತಿಂದವಳಂತೆ ಕೌಂಟರಿನ ಅಂಚು ಹಿಡಿದು ನಿಂತಳು.

ಬಾಗಿಲು ದಬಾರನೆ ತೆರೆಯಿತು. ವ್ಯಾನಿನ ಹುಡುಗ. “ಮಾಮ್! ಸೀರಿಯಸ್ಲಿ? ದೇ ಸೆಡ್ ನೋ ಹಿಯರ್ ಟೂ? ದಿಸ್ ಈಸ್ ದಿ ಥರ್ಡ್ ಪ್ಲೇಸ್!”

ಮಾಮ್. ನಂದಾ ಹುಡುಗನನ್ನೂ ಹೆಂಗಸನ್ನೂ ನೋಡಿದಳು. ಇವನು ಇವಳ ಮಗನಾದರೆ, ಫೋನಿನವಳ ಮಗ ಯಾರು?

“ವಾಟ್ ಕ್ಯಾನ್ ಐ ಡೂ, ಕುನಾಲ್? ನೋ ಒನ್ ವಿಲ್ ಸೆಲ್ ಟು ಮಿ. ಯು ಸಾ ಇಟ್ ಯುವರ್‌ಸೆಲ್ಫ್.”

ಹುಡುಗ ಬಾಗಿಲಿಗೊಂದು ಒದೆ ಕೊಟ್ಟು ಹೊರಟುಹೋದ. ಅವನು ವ್ಯಾನು ಹತ್ತುವವರೆಗೂ ಹೆಂಗಸು ಗಾಜಿನಾಚೆಯೇ ನೋಡುತ್ತಿದ್ದಳು. ಆಮೇಲೆ ಕುರ್ತಾದ ತೋಳಿನಿಂದ ಮುಖ ಒರೆಸಿಕೊಂಡು, ಫೋನಿನ ಅದೇ ಪಿಸುದನಿಯಲ್ಲಿ, ಈ ಸಲ ನಲ್ಲಿ ನೀರಿನ ಸದ್ದಿಲ್ಲದೆ, ಹೇಳಿದಳು:

“ಉಪಕಾರ ಆತ್ರೀ. ಮುಂದಿನ ವಾರ ಮತ್ತ ಬರ್ತೀನಿ. ಆವಾಗೂ ನನಗ ಕೊಡಬ್ಯಾಡ್ರಿ.”